ಮರದ ತುಂಡು, ಇದ್ದಿಲು, ಗಂಜಲ: ಮಂಡ್ಯದ ಮಣ್ಣಿಗೆ ಬಯೋಚಾರ್

ಮಣ್ಣಿಗೆ ಸೇರಿಸಲೆಂದು ಮಾಡುವ ಇದ್ದಿಲಿಗೆ ಬಯೋಚಾರ್ ಅನ್ನುತ್ತಾರೆ. ನೆಲದಲ್ಲಿ ಗುಂಡಿ ತೋಡಿ ಅದನ್ನು ಮಾಡುವುದು ಹೇಗೆ ಅಂತ ಮಂಡ್ಯದಲ್ಲಿ ರೈತರು, ಸಾಮಿಲ್ಲಿನವರು, ಮರಗೆಲಸದವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ನಡುವೆ ಬಂದ ಕೆಲವು ಪ್ರಶ್ನೆಗಳನ್ನು ಕೇಳಿದ ಹಾಗೇ ಉಳಿಸಿಕೊಂಡಿದ್ದೇವೆ.

ಒಣಗಿದ ಸೌದೆ ಒಂದು ಕೆಜಿ ತೂಗಿಕೊಳ್ಳಿ. ಜಾಲಿಯಾಗಲಿ, ಸಿಲ್ವರ್ ಓಕ್ ಆಗಲಿ, ತೇಗದ ತುಂಡಾಗಲಿ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕೆಜಿ ಇಂಗಾಲ ಇರುತ್ತದೆ. ಒಲೆಗೆ ಇಟ್ಟರೆ ಗಂಟೆಯೊಳಗೆ ಆ ಅರ್ಧ ಕೆಜಿಯೂ ಗಾಳಿಗೆ ಹೋಗಿ ಒಂದೆರಡು ಚಮಚ ಬೂದಿ ಉಳಿಯುತ್ತದೆ. ಬದುವಿನ ಮೇಲೆ ಬಿಟ್ಟರೆ ಗೆದ್ದಲು, ಅಣಬೆ ಸೇರಿಕೊಂಡು ಅದೇ ಕೆಲಸವನ್ನು ಕೆಲವು ವರ್ಷದಲ್ಲಿ ನಿಧಾನವಾಗಿ ಮುಗಿಸುತ್ತವೆ. ಗಾಳಿ ತಾಗದಂತೆ ಬೇಯಿಸಿದರೆ ಮಾತ್ರ ಸುಮಾರು 200 ಗ್ರಾಂ ಇದ್ದಿಲು ಸಿಗುತ್ತದೆ, ಅದರೊಳಗೆ 160 ಗ್ರಾಂನಷ್ಟು ಇಂಗಾಲ. ಅಂದರೆ ಮೂರರಲ್ಲಿ ಒಂದು ಪಾಲು ಕೈಗೆ ಬಂತು, ಎರಡು ಪಾಲು ಹೋಯಿತು. ಬಯೋಚಾರ್ ಅಂತ ಉತ್ಸಾಹದಿಂದ ಮಾತಾಡುವವರು ಹೋದ ಎರಡು ಪಾಲನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟರೆ ಉಳಿದ ಲೆಕ್ಕವೆಲ್ಲ ನೆಟ್ಟಗಾಗುತ್ತದೆ. ಒಳ್ಳೆಯ ಮರವನ್ನು ಕಡಿದು ಇದ್ದಿಲು ಮಾಡಿ ಮಣ್ಣಿಗೆ ಹಾಕುವುದರಲ್ಲಿ ಯಾವ ಲಾಭವೂ ಇಲ್ಲ. ಹೇಗಿದ್ದರೂ ಸುಟ್ಟೋ ಕೊಳೆತೋ ಹೋಗಲಿದ್ದ ತುಂಡಿನಲ್ಲಿ ಮೂರನೇ ಒಂದು ಪಾಲು ಉಳಿಸಿಕೊಂಡರೆ ಅದೇ ಲಾಭ.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ ಕುಲುಮೆಗೆ ಹಾಕುತ್ತಿದ್ದದ್ದು ಮಲೆನಾಡಿನ ಮರದ ಇದ್ದಿಲು. ಅದಕ್ಕಾಗಿಯೇ ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು, ಟಾರು, ಮರದ ಸ್ಪಿರಿಟ್ಟು ಬೇರ್ಪಡಿಸುವ ಘಟಕ ಅಲ್ಲಿತ್ತು. ಊರಿನ ಹಳೆಯ ಹೆಸರು ಬೆಂಕಿಪುರ ಅನ್ನುವುದು ಕಾಕತಾಳೀಯ ಇರಬಹುದು, ಆದರೆ ಚೆನ್ನಾಗಿದೆ. ಅಲ್ಲಿ ಇದ್ದಿಲು ಕಬ್ಬಿಣಕ್ಕೆ ಹೋಗಿ ಉರಿದುಹೋಯಿತು. ನಾವು ಹೇಳುತ್ತಿರುವುದು ಉರಿಸದೆ ಮಣ್ಣಿನಲ್ಲಿ ಹೂತಿಡುವ ಮಾತು.

ಇದ್ದಿಲು ಮಾಡುವುದು ಬೆಂಕಿಯ ಕೆಲಸ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮಾಡಿ ನೋಡಿದರೆ ಕೆಟ್ಟದ್ದೆಲ್ಲ ನೀರಿನ ಲೆಕ್ಕದಲ್ಲಿ ಕೆಟ್ಟಿರುತ್ತದೆ. ಸೌದೆಯಲ್ಲಿ ಉಳಿದ ನೀರು, ಕೆಂಡ ಆರಿಸಲು ಸಾಲದ ನೀರು, ಮಣ್ಣಿಗೆ ಹಾಕುವ ಮೊದಲು ಇದ್ದಿಲಿಗೆ ಕುಡಿಸದೆ ಬಿಟ್ಟ ಗಂಜಲ. ಬೆಂಕಿ ತನ್ನ ಪಾಡಿಗೆ ಸರಿಯಾಗಿಯೇ ಉರಿಯುತ್ತದೆ.

“ತಿಪ್ಪೆಗೆ ಒಲೆ ಬೂದಿ ಸುರೀತಾನೇ ಇದ್ದೀವಲ್ಲ ಸಾರ್, ಅದೇ ಅಲ್ವಾ ಇದು?” ಅಂತ ಒಬ್ಬರು ಶುರುವಿನಲ್ಲೇ ಕೇಳಿದರು. ಅಲ್ಲ. ಬೂದಿಯಲ್ಲಿ ಇಂಗಾಲ ಇಲ್ಲವೇ ಇಲ್ಲ ಅನ್ನಬಹುದು. ಅದರಲ್ಲಿರುವುದು ಸುಣ್ಣ, ಪೊಟ್ಯಾಷ್, ಒಂದಿಷ್ಟು ರಂಜಕ. ಒಂದೆರಡು ಮಳೆಗೆ ಪೊಟ್ಯಾಷ್ ಕರಗಿ ಇಳಿಯುತ್ತದೆ. ಇದ್ದಿಲಿನಲ್ಲಿ ಗಿಡಕ್ಕೆ ಆಹಾರ ಕಡಿಮೆ, ಆದರೆ ಜೇನುಗೂಡಿನ ಹಾಗೆ ಒಳಗೆಲ್ಲ ರಂಧ್ರ. ನೀರು, ಅಮೋನಿಯ, ಸೂಕ್ಷ್ಮಜೀವಿಗಳು ಹಿಡಿದುಕೊಳ್ಳಲು ಜಾಗ. ಬೂದಿ ಗೊಬ್ಬರ, ಇದ್ದಿಲು ಗೊಬ್ಬರದ ಪಾತ್ರೆ. ಅಮೆಜಾನ್ ಕಾಡಿನಲ್ಲಿ ಹಳೆಯ ಜನ ಇದ್ದಿಲು, ಮೂಳೆ, ಅಡುಗೆಮನೆ ಕಸ ಸೇರಿಸಿ ಮಾಡಿದ ಕಪ್ಪು ಮಣ್ಣು ನೂರಾರು ವರ್ಷ ಕಳೆದರೂ ಕಪ್ಪಾಗಿಯೇ ಇದೆ. ಅಲ್ಲಿಯೂ ಬರೀ ಇದ್ದಿಲು ಹಾಕಿರಲಿಲ್ಲ ಅನ್ನುವುದನ್ನು ಗಮನಿಸಿ.

ಯಾವುದು ಗುಂಡಿಗೆ, ಯಾವುದು ಬೇಡ

ಮಂಡ್ಯದ ತೋಟಗಳಲ್ಲಿ ಸಿಗುವುದು ತೆಂಗಿನ ಮಟ್ಟೆ, ಚಿಪ್ಪು, ಸವರಿದ ಹಿಪ್ಪುನೇರಳೆ ಕಡ್ಡಿ, ಬದುವಿನ ಗ್ಲಿರಿಸಿಡಿಯಾ, ಬಳ್ಳಾರಿ ಜಾಲಿ. ಮೈಸೂರಿನ ಸಾಮಿಲ್ಲುಗಳಲ್ಲಿ ತೊಗಟೆ ಸಮೇತ ಕೊರೆದು ತೆಗೆದ ಹೊರಪದರ, ಗಂಟು ಬಿದ್ದ ತುಂಡು, ಪ್ಲೇನಿಂಗ್ ಮಿಷನ್ನಿನ ಸುರುಳಿ. ಇವೆಲ್ಲ ಒಳ್ಳೆಯ ಮಾಲು. ಕಬ್ಬಿನ ತರಗನ್ನು ಮಾತ್ರ ದಯವಿಟ್ಟು ಇದರಲ್ಲಿ ಸೇರಿಸಬೇಡಿ. ಅದು ಹಗುರ, ಕ್ಷಣಕ್ಕೆ ಉರಿದು ಬೂದಿಯಾಗುತ್ತದೆ. ಕೂಳೆ ಕಬ್ಬಿನ ಸಾಲಿನ ನಡುವೆ ಹಾಸಿದರೆ ಅದು ಮಾಡುವ ಉಪಕಾರವೇ ದೊಡ್ಡದು.

ಪ್ಲೈವುಡ್, ಎಂಡಿಎಫ್, ಬಣ್ಣ ಅಥವಾ ವಾರ್ನಿಶ್ ಹಚ್ಚಿದ ಬಾಗಿಲು, ಗೆದ್ದಲಿನ ಔಷಧಿ ಕುಡಿದ ಹಳೆಯ ತೊಲೆ, ಹಸಿರು ಛಾಯೆಯ ಸಂಸ್ಕರಿಸಿದ ಮರ, ಇವು ಬೇಡವೇ ಬೇಡ. ಔಷಧಿಯಲ್ಲಿನ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆಂಕಿಯಲ್ಲಿ ನಾಶವಾಗುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಇದ್ದಿಲಿನಲ್ಲಿ ಇನ್ನೂ ದಟ್ಟವಾಗಿ ಕೂತು ನೇರ ಹೊಲಕ್ಕೆ ಬರುತ್ತದೆ. ಕಾರ್ಖಾನೆಗಳಿಂದ ಬರುವ ಪ್ಯಾಕಿಂಗ್ ಹಲಗೆಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಹುಡುಕಿ. ಪಕ್ಕದಲ್ಲಿ ‘ಎಚ್‌ಟಿ’ ಎಂದಿದ್ದರೆ ಬರೀ ಕಾಯಿಸಿದ್ದು, ತೊಂದರೆಯಿಲ್ಲ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಬದಿಗಿಡಿ. ಮೊಳೆ ಇದ್ದರೆ ಪರವಾಗಿಲ್ಲ, ಆಮೇಲೆ ಅಯಸ್ಕಾಂತ ಆಡಿಸಿ ತೆಗೆಯಬಹುದು. ತೆಗೆಯದಿದ್ದರೆ ರೋಟವೇಟರಿನ ಹಿಂದೆ ಬರಿಗಾಲಲ್ಲಿ ಓಡಾಡುವವರ ಪಾದಕ್ಕೆ ಚುಚ್ಚುತ್ತದೆ.

ಕಾಡಂಚಿನ ಲಂಟಾನ ಇದ್ದಿಲಿಗೆ ಬಹಳ ಚೆನ್ನ. ಆದರೆ ಕಾಡಿನೊಳಗಿನದನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಕಾನೂನಿನಲ್ಲಿ ಇದ್ದಿಲು ಕೂಡ ಅರಣ್ಯ ಉತ್ಪನ್ನದ ಪಟ್ಟಿಯಲ್ಲಿದೆ. ಲಾರಿಗೆ ತುಂಬಿ ಸಾಗಿಸುವ ಯೋಚನೆ ಇದ್ದರೆ ಮೊದಲು ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಒಣಗಿಸುವುದು

ಆಗತಾನೆ ಕಡಿದ ಕೊಂಬೆಯ ತೂಕದಲ್ಲಿ ಅರ್ಧದಷ್ಟು ನೀರು. ಗುಂಡಿಗೆ ಹಾಕುವಾಗ ಅದು 15ರಿಂದ 20 ಶೇಕಡಾಕ್ಕೆ ಇಳಿದಿರಬೇಕು. ಹಸಿ ಸೌದೆ ಹಾಕಿದರೆ ಬೆಂಕಿಯ ಶಾಖ ಮೊದಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಜ್ವಾಲೆ ತಣ್ಣಗಾಗುತ್ತದೆ, ಬಿಳಿ ಹೊಗೆ ಏಳುತ್ತದೆ. ಆ ಹೊಗೆಯಲ್ಲಿ ಮೀಥೇನ್ ಇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಅಂದರೆ ಹೊಗೆಯಾಡುವ ಗುಂಡಿಯಿಂದ ಬಂದ ಇದ್ದಿಲು ಹವಾಮಾನಕ್ಕೆ ಉಪಕಾರ ಮಾಡಿತು ಅನ್ನುವ ಹಾಗೇ ಇಲ್ಲ. ಮಣ್ಣು ಮುಚ್ಚಿ ದಿನಗಟ್ಟಲೆ ಹೊಗೆಯಾಡಿಸುವ ಹಳೆಯ ಇದ್ದಿಲು ಗೂಡಿನ ದೊಡ್ಡ ದೋಷವೇ ಇದು.

ಜನವರಿಯಲ್ಲಿ ಸವರಿದ ಕಡ್ಡಿಯನ್ನು ಬೆರಳಿನಿಂದ ಮುಂಗೈ ಗಾತ್ರದವರೆಗೆ ಬೇರೆಬೇರೆ ಕಟ್ಟಿ, ಕೆಳಗೆ ಎರಡು ಮರದ ತುಂಡು ಕೊಟ್ಟು, ಬಿಸಿಲಿಗೆ ಪೇರಿಸಿದರೆ ಮಾರ್ಚ್ ಹೊತ್ತಿಗೆ ಸಿದ್ಧ. ಎರಡು ತುಂಡನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಠಣ್ ಅನ್ನುತ್ತದೆ, ಹಸಿಯಿದ್ದರೆ ದಬ್ ಅನ್ನುತ್ತದೆ. ನಂಬಿಕೆ ಬಾರದಿದ್ದರೆ ಒಂದು ತುಂಡು ತೂಗಿ, ಬರೆದಿಟ್ಟು, ದಿನಾ ಬಿಸಿಲಿಗಿಟ್ಟು ತೂಗುತ್ತಾ ಹೋಗಿ. ತೂಕ ಇಳಿಯುವುದು ನಿಂತ ದಿನ ಒಣಗಿತು ಅಂತ ಅರ್ಥ. ನಮ್ಮ ಜಿಲ್ಲೆಗೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಸುಡುವ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಂಡರೆ ಮುಂಗಾರಿನ ಹೊತ್ತಿಗೆ ಇದ್ದಿಲು ಗಂಜಲ ಕುಡಿದು ಹೊಲಕ್ಕೆ ತಯಾರಿರುತ್ತದೆ.

ಗುಂಡಿ

ಮೇಲೆ 5 ಅಡಿ ಅಗಲ, ತಳದಲ್ಲಿ 2 ಕಾಲು ಅಡಿ, ಆಳ 2 ಮುಕ್ಕಾಲು ಅಡಿ. ದುಂಡಗಿನ ಗುಂಡಿ, ಬಾಣಲೆಯಂತೆ ಒಳಕ್ಕೆ ಇಳಿಜಾರು. ಈ ಅಳತೆಯಲ್ಲಿ ಗೋಡೆ 63 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ರೂಪಿಸಿದ ಕಾನ್‌ಟಿಕಿ ಎಂಬ ಉಕ್ಕಿನ ಕುಲುಮೆಯ ಓರೆಯೂ ಹೆಚ್ಚುಕಡಿಮೆ ಇಷ್ಟೇ. ನಾವು ಅದನ್ನೇ ಮಣ್ಣಿನಲ್ಲಿ ತೋಡುತ್ತೇವೆ, ಖರ್ಚು ಅರ್ಧ ದಿನದ ಕೂಲಿ. ನಾಲೆ ಬಯಲಿನಲ್ಲಿ ತೋಡಿದರೆ ತಳದಲ್ಲಿ ಜೌಗು ಬರುತ್ತದೆ, ಒದ್ದೆ ಗುಂಡಿಯ ತಳದಲ್ಲಿ ಸೌದೆ ಅರೆಬೆಂದು ಉಳಿಯುತ್ತದೆ. ಎತ್ತರದ ಜಾಗ ನೋಡಿ. ತೋಡಿದ ಮಣ್ಣನ್ನು ಅಂಚಿಗೆ ಒಂದು ಗೇಣು ಎತ್ತರಕ್ಕೆ ಕಟ್ಟಿ ತಟ್ಟಿದರೆ ಪಕ್ಕದ ಗಾಳಿ ಕೆಂಡಕ್ಕೆ ನುಗ್ಗುವುದಿಲ್ಲ. ಸುತ್ತ 30 ಅಡಿಯೊಳಗೆ ಒಣ ಗರಿ, ತರಗು, ಹುಲ್ಲಿನ ಬಣವೆ ಇರಬಾರದು. ರೇಷ್ಮೆ ಸಾಕಾಣಿಕೆ ಮನೆ ಇದ್ದರೆ ಗಾಳಿ ಅತ್ತ ಬೀಸದ ದಿನ ಮಾಡಿ, ಹುಳಕ್ಕೆ ಹೊಗೆ ಆಗದು.

ಸುಡುವ ಮುಂಚೆ ಒಂದು ಇಂಚಿನ ಕಬ್ಬಿಣದ ಪೈಪನ್ನು ಗುಂಡಿಯ ಅಂಚಿನಿಂದ ತಳದವರೆಗೆ ಇಳಿಜಾರಾಗಿ ಇಡಿ. ಕೊನೆಯಲ್ಲಿ ನೀರು ಹರಿಸುವುದು ಇದರಿಂದ. ಪಿವಿಸಿ ಪೈಪಿಟ್ಟು ಕರಗಿಸಿಕೊಂಡವರಿದ್ದಾರೆ. ಪಕ್ಕದಲ್ಲಿ 200 ಲೀಟರಿನ ಮೂರು ಡ್ರಮ್ಮು ನೀರು ತುಂಬಿ ನಿಲ್ಲಿಸದೆ ಕಡ್ಡಿ ಗೀರಬೇಡಿ. ಕರೆಂಟು ಬರುತ್ತೆ, ಮೋಟರ್ ಹಾಕಿದರಾಯಿತು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬೆಳಿಗ್ಗೆ ಆರೂವರೆ, ಗಾಳಿ ಏಳುವ ಮುಂಚೆ. ಗುಂಡಿಯ ನಡುವೆ ಒಣ ಚಕ್ಕೆಗಳನ್ನು ಅಡ್ಡಡ್ಡ ಪೇರಿಸಿ ಎರಡಡಿ ಎತ್ತರದ ಗೋಪುರ ಕಟ್ಟಿ, ಮೇಲಿನಿಂದ ಹೊತ್ತಿಸಿ. ಕೆಳಗಿನಿಂದ ಹೊತ್ತಿಸಿದರೆ ಮೇಲಿನ ತಣ್ಣಗಿನ ಸೌದೆ ಬರೀ ಹೊಗೆಯಾಡುತ್ತದೆ. ಮೇಲಿನಿಂದ ಹೊತ್ತಿಸಿದರೆ ಕೆಳಗಿನಿಂದ ಬರುವ ಹೊಗೆ ಜ್ವಾಲೆಯೊಳಗೆ ಹಾದು ಉರಿದುಹೋಗುತ್ತದೆ. ಗೋಪುರ ಕುಸಿದು ಕೆಂಡವಾದಾಗ ಅದನ್ನು ತಳದ ತುಂಬ ಹರಡಿ ಮೊದಲ ಪದರ ಹಾಕಿ.

ಇನ್ನು ಮುಂದೆ ಕಣ್ಣು ಗುಂಡಿಯ ಮೇಲೆ. ಹೊಸ ಪದರ ಹಾಕಿದ ಕೂಡಲೇ ಸೌದೆಯಿಂದ ಅನಿಲ ಹೊರಟು ಗುಂಡಿಯ ಬಾಯಿ ತುಂಬ ಹಳದಿ ಜ್ವಾಲೆ ನಿಲ್ಲುತ್ತದೆ. ಆ ಜ್ವಾಲೆಯೇ ಮುಚ್ಚಳ. ಮೇಲಿನಿಂದ ಬರುವ ಗಾಳಿಯ ಆಮ್ಲಜನಕವನ್ನೆಲ್ಲ ಅದು ತಾನೇ ನುಂಗಿಕೊಂಡು ಕೆಳಗಿನ ಇದ್ದಿಲಿಗೆ ತಲುಪಲು ಬಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ಜ್ವಾಲೆ ಗಿಡ್ಡವಾಗುತ್ತದೆ, ಸೌದೆ ಕಪ್ಪಾಗುತ್ತದೆ, ಅದರ ಅಂಚಿನಲ್ಲಿ ವಿಭೂತಿ ಬಳಿದಂತೆ ತೆಳ್ಳಗೆ ಬಿಳಿ ಬೂದಿ ಕಾಣಿಸುತ್ತದೆ. ಅದೇ ಗಳಿಗೆ. ಆಗ ಮುಂದಿನ ಪದರ ಹಾಕಬೇಕು. ಬೂದಿ ಕಾಣುವ ಮುಂಚೆ ಸುರಿದರೆ ಬೆಂಕಿ ಉಸಿರುಗಟ್ಟಿ ಹೊಗೆ ಬರುತ್ತದೆ. ತಡಮಾಡಿದರೆ ಪದರ ಪೂರ್ತಿ ಬಿಳಿಯಾಗುತ್ತದೆ, ಅಂದರೆ ಇದ್ದಿಲು ಉರಿದು ಬೂದಿಯಾಗುತ್ತಿದೆ, ನಿಮ್ಮ ಗಂಟು ಕರಗುತ್ತಿದೆ. ಸೌದೆಯ ಗಾತ್ರ ನೋಡಿಕೊಂಡು ಐದರಿಂದ ಹತ್ತು ನಿಮಿಷಕ್ಕೊಂದು ಪದರ. ಮುಂಗೈ ದಪ್ಪದ ತುಂಡುಗಳನ್ನು ಮೊದಲರ್ಧದಲ್ಲೇ ಹಾಕಿಬಿಡಿ, ಬೇಯಲು ಹೊತ್ತು ಸಿಗುತ್ತದೆ. ಕೊನೆಯ ಎರಡು ಪದರ ಬೆರಳು ಗಾತ್ರದ ಕಡ್ಡಿ. ಮೂರರಿಂದ ನಾಲ್ಕು ಗಂಟೆಗೆ ಗುಂಡಿ ತುಂಬುತ್ತದೆ. 500 ಕೆಜಿ ಒಣ ಸೌದೆ ಹಿಡಿದಿರುತ್ತದೆ. ಉಳಿಯುವುದು 100 ಕೆಜಿ ಇದ್ದಿಲು, ಅಂದಾಜು 600 ಲೀಟರ್.

ಇಷ್ಟು ಹೊತ್ತೂ ಒಬ್ಬರು ಅಲ್ಲಿರಲೇಬೇಕು. ತಿಂಡಿಗೆ ಹೋಗಿ ಬರೋಣ ಅಂದುಕೊಂಡ ಇಪ್ಪತ್ತು ನಿಮಿಷದಲ್ಲಿ ಒಂದೆರಡು ಮಂಕರಿ ಇದ್ದಿಲು ಬೂದಿಯಾಗಿರುತ್ತದೆ.

ತೋಡಲು ಜಾಗವಿಲ್ಲದ ಪಟ್ಟಣದ ಕಾರ್ಖಾನೆಯವರು 200 ಲೀಟರ್ ಡ್ರಮ್ಮಿನಲ್ಲಿ ಮಾಡಬಹುದು. ತಳಕ್ಕೆ ಒಂದಷ್ಟು ತೂತು, ಸೌದೆಯನ್ನು ನೆಟ್ಟಗೆ ತುಂಬಿ ಮೇಲಿನಿಂದ ಹೊತ್ತಿಸಿ, ಮೇಲೊಂದು ಹೊಗೆಕೊಳವೆ. ಒಂದು ಸಲಕ್ಕೆ 40ರಿಂದ 50 ಕೆಜಿ ಸೌದೆ, ಸಿಗುವುದು 8ರಿಂದ 10 ಕೆಜಿ. ಉರಿ ತಳಕ್ಕೆ ಇಳಿದ ಕೂಡಲೇ ತೂತುಗಳನ್ನು ಮಣ್ಣಿನಿಂದ ಮುಚ್ಚಿ, ನೀರು ಸುರಿಯಬೇಕು. ಡ್ರಮ್ಮು ಎಣ್ಣೆ ತುಂಬಿದ್ದಾಗಿದ್ದರೆ ಮೊದಲ ಸಲ ಬರೀ ಸೌದೆ ಉರಿಸಿ ಆ ಬೂದಿಯನ್ನು ಹೊರಗೆ ಹಾಕಿ. ಹಿಂದೆ ಕೀಟನಾಶಕ ತುಂಬಿದ್ದ ಡ್ರಮ್ಮು ಯಾವುದಕ್ಕೂ ಬೇಡ.

ಆರಿಸುವುದು

ನೀರನ್ನು ಮೊದಲು ಪೈಪಿನಿಂದ ತಳಕ್ಕೆ ಬಿಡಿ. ಕೆಳಗಿನಿಂದ ಏಳುವ ಹಬೆ ಇದ್ದಿಲಿನ ರಂಧ್ರಗಳೊಳಗೆ ಹಾದು ಮೇಲೆ ಬರುತ್ತದೆ, ಒಳಗೆ ಕೂತಿರುವ ಟಾರಿನ ಅಂಶವನ್ನೂ ಸ್ವಲ್ಪ ಹೊರಡಿಸುತ್ತದೆ. ಮಣ್ಣಿನ ಗುಂಡಿಯಲ್ಲಿ ನೀರು ಇಂಗುತ್ತದಾದ್ದರಿಂದ ಆಮೇಲೆ ಮೇಲಿನಿಂದಲೂ ಅಂಚಿನ ಸುತ್ತ ಸುರಿಯಬೇಕು. ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟು ನಿಲ್ಲಿ. ಹಬೆ ಮುಖಕ್ಕೆ ಹೊಡೆದರೆ ಕೆಂಡಕ್ಕಿಂತ ಕೆಟ್ಟದಾಗಿ ಸುಡುತ್ತದೆ. ಸಲಿಕೆಯಿಂದ ಮಗುಚಿ, ಮತ್ತೆ ನೀರು. ಕೈ ಹಾಕಿದರೆ ಎಲ್ಲೂ ಬಿಸಿ ತಾಗದ ತನಕ ಬಿಡಬೇಡಿ. ನೀರಿನ ಬದಲು ಗಂಜಲವನ್ನೇ ಸುರಿದರೆ ಎರಡು ಕೆಲಸ ಒಟ್ಟಿಗೆ ಆಯಿತಲ್ಲ ಅಂತ ಕೆಲವರಿಗೆ ಹೊಳೆಯುತ್ತದೆ. ಕೆಂಡದ ಬಿಸಿಗೂ ಬೂದಿಯ ಕ್ಷಾರಕ್ಕೂ ಸೇರಿ ಅದರೊಳಗಿನ ಸಾರಜನಕ ಬಹಳಷ್ಟು ಅಮೋನಿಯವಾಗಿ ಹಾರಿಹೋಗುತ್ತದೆ, ಕಣ್ಣುರಿ ಮಾತ್ರ ಉಳಿಯುತ್ತದೆ.

ನೀರಿಗೆ ಬರ ಇರುವ ಕಡೆ ಒಂದು ಗೇಣು ಹಸಿ ಮಣ್ಣು ಮುಚ್ಚಿ ಎರಡು ದಿನ ಬಿಡಬಹುದು. ಆದರೆ ತೆರೆದಾಗ ಒಳಗೊಂದು ಕೆಂಡ ಜೀವಂತ ಇದ್ದರೆ ಗಾಳಿ ತಾಗಿದ ಕೂಡಲೇ ಇಡೀ ರಾಶಿ ಮತ್ತೆ ಹೊತ್ತಿಕೊಳ್ಳುತ್ತದೆ. ಒಣ ಇದ್ದಿಲು ತಾನಾಗಿ ಬಿಸಿಯೇರುವ ವಸ್ತು. ಬಯಲಲ್ಲಿ ತೆಳ್ಳಗೆ ಹರಡಿ ಒಂದು ದಿನ ನೋಡದೆ ಚೀಲಕ್ಕೆ ತುಂಬಬೇಡಿ, ಮನೆಯೊಳಗೆ, ಕೊಟ್ಟಿಗೆಯ ಅಟ್ಟದಲ್ಲಿ ಇಡಬೇಡಿ.

ಬೆಂದಿದೆಯೇ ಅಂತ ನೋಡುವುದು ಹೀಗೆ. ಒಂದು ತುಂಡು ಮುರಿದರೆ ಗಾಜಿನ ಬಳೆಯ ಹಾಗೆ ಚಟ್ ಎಂದು ಮುರಿಯಬೇಕು. ಒಳಗೆ ಕಂದು ಬಣ್ಣ ಉಳಿದಿದ್ದರೆ ಬೆಂದಿಲ್ಲ. ಅಂಗೈಗೆ ಉಜ್ಜಿ ತೊಳೆಯಿರಿ. ಬರೀ ನೀರಿಗೆ ಹೋದರೆ ಒಳ್ಳೆಯದು, ಜಿಡ್ಡು ಉಳಿದು ಸೋಪು ಬೇಕಾದರೆ ಟಾರು ಕೂತಿದೆ. ಅಂಥದ್ದನ್ನು ಮುಂದಿನ ಗುಂಡಿಗೆ ಸೌದೆಯ ಜೊತೆ ಹಾಕಿ. ಅನುಮಾನ ಹೋಗದಿದ್ದರೆ ಒಂದು ಪೆಟ್ಟಿಗೆಯ ಅರ್ಧಕ್ಕೆ ಬರೀ ಮಣ್ಣು, ಅರ್ಧಕ್ಕೆ ಹತ್ತನೇ ಒಂದು ಪಾಲು ಇದ್ದಿಲು ಸೇರಿಸಿದ ಮಣ್ಣು ಹಾಕಿ, ಎರಡನ್ನೂ ಒಂದೇ ಹದಕ್ಕೆ ನೆನೆಸಿ, ನಡುವೆ ಹತ್ತು ಎರೆಹುಳು ಬಿಡಿ. ಎರಡು ದಿನ ಬಿಟ್ಟು ನೋಡಿದಾಗ ಎಲ್ಲವೂ ಬರೀ ಮಣ್ಣಿನ ಕಡೆಗೇ ಓಡಿಹೋಗಿದ್ದರೆ ಆ ಇದ್ದಿಲು ಹೊಲಕ್ಕೆ ಬೇಡ.

ಕುಡಿಸುವುದು

ಇಲ್ಲಿ ಆತುರ ಮಾಡಿದವರೇ ಬಯೋಚಾರ್ ಹಾಕಿ ಬೆಳೆ ಹಳದಿಯಾಯಿತು ಅನ್ನುವವರು. ಹಸಿದ ಇದ್ದಿಲು ಮಣ್ಣಿಗೆ ಬಿದ್ದರೆ ಮೊದಲು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾನು ಹಿಡಿದುಕೊಳ್ಳುತ್ತದೆ, ಆ ಹಂಗಾಮು ಹಾಳು.

ಮೊದಲು ಒಡೆಯಬೇಕು. ಒದ್ದೆ ಇರುವಾಗಲೇ ಗೋಣಿಚೀಲಕ್ಕೆ ಹಾಕಿ ತುಳಿಯಿರಿ, ಇಲ್ಲವೇ ಗಟ್ಟಿ ನೆಲದ ಮೇಲೆ ಹರಡಿ ಟ್ರ್ಯಾಕ್ಟರ್ ಚಕ್ರ ಹಾಯಿಸಿ. ಕಡಲೆಕಾಳಿನಿಂದ ಅಡಿಕೆ ಗಾತ್ರದವರೆಗೆ ಸಾಕು, ಹಿಟ್ಟು ಮಾಡುವ ಅಗತ್ಯವಿಲ್ಲ. ಒಣಗಿಸಿ ಕುಟ್ಟಿದರೆ ಎದ್ದ ದೂಳು ಶ್ವಾಸಕೋಶಕ್ಕೆ ಇಳಿಯುತ್ತದೆ.

ಎಲ್ಲಕ್ಕಿಂತ ಸುಲಭದ ದಾರಿ ಕೊಟ್ಟಿಗೆ. ಹಸುವೊಂದಕ್ಕೆ ದಿನಕ್ಕೆ ಒಂದು ಕೆಜಿಯಂತೆ ಹಾಸಿನ ಹುಲ್ಲಿನ ಕೆಳಗೆ ಹರಡಿ. ದನ ತುಳಿದು ಒಡೆಯುತ್ತದೆ, ಗಂಜಲ ಇಂಗುತ್ತದೆ, ಮೂಗಿಗೆ ಹೊಡೆಯುವ ಅಮೋನಿಯ ವಾಸನೆ ಕಡಿಮೆಯಾಗುತ್ತದೆ. ಹಾರಿಹೋಗುತ್ತಿದ್ದ ಸಾರಜನಕ ಇದ್ದಿಲಿನಲ್ಲಿ ಸಿಕ್ಕಿಬಿದ್ದಿತು ಅಂತಲೇ ಅದರ ಅರ್ಥ. ಬೆಳಿಗ್ಗೆ ಸಗಣಿಯ ಜೊತೆ ಬಾಚಿ ತಿಪ್ಪೆಗೆ ಹಾಕಿದರೆ ಮೂರು ತಿಂಗಳಲ್ಲಿ ನಿಮಗೆ ಬೇರೆ ಕೆಲಸವೇ ಇಲ್ಲದೆ ಗೊಬ್ಬರವಾಗಿರುತ್ತದೆ. ದನ ಇಲ್ಲದವರು ಕಾಂಪೋಸ್ಟ್ ರಾಶಿಗೆ ಕಟ್ಟುವಾಗಲೇ ಹತ್ತು ಬಕೆಟ್ಟಿಗೆ ಒಂದೆರಡು ಬಕೆಟ್ಟು ಇದ್ದಿಲು ಸೇರಿಸಬಹುದು.

ಬೇಗ ಬೇಕಿದ್ದರೆ, 100 ಕೆಜಿ ಇದ್ದಿಲಿಗೆ 100 ಕೆಜಿ ಹಸಿ ಸಗಣಿ, ಗಂಜಲ ಮತ್ತು ನೀರು ಸಮ ಪಾಲು ಬೆರೆಸಿದ್ದು 100 ಲೀಟರ್. ಮಗುಚಿ ಬೆರೆಸಿ, ನೆರಳಲ್ಲಿ ರಾಶಿ ಹಾಕಿ, ಒದ್ದೆ ಗೋಣಿ ಮುಚ್ಚಿ, ವಾರಕ್ಕೊಮ್ಮೆ ಮಗುಚಿ ಮೂರು ವಾರ ಬಿಡಿ. ಬಯೋಗ್ಯಾಸ್ ಸ್ಲರಿ ಇದ್ದರೆ ಇನ್ನೂ ಚೆನ್ನ. “ಜೀವಾಮೃತ ಆಗಲ್ವಾ?” ಎಂದು ಕೇಳಿದರು. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು ಹಾಕಿ ಮಾಡುವ ಜೀವಾಮೃತದಲ್ಲಿ ಜೀವಾಣು ಹೇರಳ, ಸಾರಜನಕ ಅಷ್ಟಿಲ್ಲ. ಕೊನೆಯ ಮಗುಚಿನಲ್ಲಿ ಚಿಮುಕಿಸಿ, ಅದೊಂದನ್ನೇ ನೆಚ್ಚಬೇಡಿ.

ಕುಡಿದಿದೆಯೇ ಅಂತ ತಿಳಿಯಲು ಒಂದು ಹಿಡಿ ತೆಗೆದು ನೀರಿನ ಲೋಟಕ್ಕೆ ಹಾಕಿ. ಹಸಿದ ಇದ್ದಿಲು ತೇಲುತ್ತದೆ, ತುಂಬಿದ್ದು ಬಹುಪಾಲು ಮುಳುಗುತ್ತದೆ.

ಎಲ್ಲಿ, ಎಷ್ಟು

ಚದರ ಮೀಟರಿಗೆ ಒಂದು ಕೆಜಿ ಅನ್ನುವುದು ಪುಸ್ತಕದ ಲೆಕ್ಕ. ಗುಂಟೆಗೆ 100 ಕೆಜಿ, ಎಕರೆಗೆ 4 ಟನ್. ಬಿಡಿಸಿ ನೋಡಿ: ಒಂದು ಗುಂಟೆಗೆ ಒಂದು ಗುಂಡಿ, ಒಂದು ಎಕರೆಗೆ 40 ಗುಂಡಿ, 20 ಟನ್ ಒಣ ಸೌದೆ. ಯಾವ ರೈತನ ಬಳಿಯೂ ಅಷ್ಟು ಕಸಮರ ಇಲ್ಲ. ಆದ್ದರಿಂದ ಹೊಲದ ತುಂಬ ಎರಚುವ ಆಸೆ ಬಿಟ್ಟು ಬೇರಿನ ಬುಡಕ್ಕೆ ಕೊಡಿ. ಅದೇ 100 ಕೆಜಿ ಹತ್ತು ತೆಂಗಿಗೆ ಸಾಕು: ಮರಕ್ಕೆ 10 ಕೆಜಿ, 50 ಕೆಜಿ ಕೊಟ್ಟಿಗೆ ಗೊಬ್ಬರದ ಜೊತೆ, ಆರಡಿ ಪಾತಿಯಲ್ಲಿ ಗೇಣು ಆಳಕ್ಕೆ. ಅಥವಾ ಗುಳಿಗೆ ಅರ್ಧದಿಂದ ಒಂದು ಕೆಜಿಯಂತೆ 100ರಿಂದ 200 ಬಾಳೆಗೆ. ನರ್ಸರಿ ಚೀಲದ ಮಿಶ್ರಣಕ್ಕೆ ಹತ್ತರಲ್ಲಿ ಒಂದು ಪಾಲು. ಒಮ್ಮೆ ಹಾಕಿದ್ದು ಉಳಿಯುತ್ತದೆ, ಪ್ರತಿ ವರ್ಷ ಅದೇ ಪಾತಿಗೆ ಸುರಿಯುವ ಅಗತ್ಯವಿಲ್ಲ. ಗೊಬ್ಬರ ಮಾತ್ರ ಎಂದಿನಂತೆ ಕೊಡಲೇಬೇಕು.

ಹಿಪ್ಪುನೇರಳೆಗೆ ಹಾಕುವುದಾದರೆ ಬುಡ ಸವರಿದ ಮರುದಿನವೇ ಸಾಲಿಗೆ ಹಾಕಿ ಮಣ್ಣು ಮುಚ್ಚಿ. ಎಲೆ ಬಂದ ಮೇಲೆ ಎರಚಿ ಕಪ್ಪು ದೂಳು ಎಲೆಗೆ ಕೂತರೆ ಹುಳ ಮೇಯುವುದಿಲ್ಲ.

ಗುಣ ಕಾಣುವುದು ಮಳೆಯಾಶ್ರಿತ ಕೆಂಪು ಮರಳುಮಣ್ಣಿನಲ್ಲಿ. ನೀರು ನಿಲ್ಲದ, ಸಾವಯವ ಅಂಶ ಕಡಿಮೆಯಿರುವ, ಸ್ವಲ್ಪ ಹುಳಿಯಿರುವ ನೆಲದಲ್ಲಿ. ಫಲವತ್ತಾದ ಕಪ್ಪುಮಿಶ್ರಿತ ಮಣ್ಣಿನಲ್ಲಿ ವ್ಯತ್ಯಾಸ ಗೊತ್ತಾಗದೆಯೂ ಹೋಗಬಹುದು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಚೌಳು ಹತ್ತಿದ ಜಮೀನುಗಳಿವೆಯಲ್ಲ, ಅಲ್ಲಿಗೆ ಇದು ಬೇಡ. ಮರದ ಇದ್ದಿಲಿನ ರಸಸಾರ (ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ) 8ರಿಂದ 10, ಅದೂ ಕ್ಷಾರವೇ. ಈಗಾಗಲೇ 8.5 ದಾಟಿರುವ ಮಣ್ಣಿಗೆ ಹಾಕಿದರೆ ಕಬ್ಬಿಣ, ಸತುವು ಗಿಡಕ್ಕೆ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ಅಲ್ಲಿ ಬೇಕಿರುವುದು ಬಸಿಗಾಲುವೆ, ಜಿಪ್ಸಂ, ಹಸಿರೆಲೆ ಗೊಬ್ಬರ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರದ ಅಂಕಿ ಬರೆದಿರುತ್ತದೆ, ಅದನ್ನು ನೋಡಿ ತೀರ್ಮಾನಿಸಿ. ಭತ್ತದ ಗದ್ದೆಗೆ ಒಣ ಇದ್ದಿಲು ಎರಚಿದರೆ ಕೆಸರು ಮಾಡುವಾಗ ತೇಲಿ ಪಕ್ಕದವರ ಗದ್ದೆ ಸೇರುತ್ತದೆ. ಕಳೆನಾಶಕ ಸಿಂಪಡಿಸುವವರು ಇನ್ನೊಂದು ತಿಳಿದಿರಬೇಕು. ಬಿತ್ತಿದ ಕೂಡಲೇ ಮಣ್ಣಿಗೆ ಹೊಡೆಯುವ ಅಟ್ರಜಿನ್‌ನಂಥ ಔಷಧಿಯನ್ನೂ ಇದ್ದಿಲು ಹೀರಿಕೊಳ್ಳುತ್ತದೆ, ಕಳೆ ಸಾಯುವುದಿಲ್ಲ.

ಗಾಳಿಯ ಲೆಕ್ಕ

ಒಂದು ಗುಂಡಿಯ 100 ಕೆಜಿ ಒಣ ಇದ್ದಿಲಿನಲ್ಲಿ ಸುಮಾರು 80 ಕೆಜಿ ಇಂಗಾಲ. ನೂರು ವರ್ಷ ಕಳೆದ ಮೇಲೆ ಎಷ್ಟು ಉಳಿದೀತು ಅನ್ನುವುದು ಬೆಂದ ಬಿಸಿಯ ಮೇಲೆ ನಿಂತಿದೆ. ಹವಾಮಾನದ ಲೆಕ್ಕ ಹಾಕುವ ಐಪಿಸಿಸಿ 2019ರಲ್ಲಿ ಕೊಟ್ಟ ಅಂದಾಜು: 600 ಡಿಗ್ರಿ ಮೀರಿದ್ದರೆ 89 ಶೇಕಡಾ, 450ರಿಂದ 600 ಇದ್ದರೆ 80, ಅದಕ್ಕೂ ಕೆಳಗೆ 350ರವರೆಗೆ 65. ಚೆನ್ನಾಗಿ ಜ್ವಾಲೆ ನಿಂತ ಗುಂಡಿ 600 ದಾಟುತ್ತದೆ. ಹಾಗಾದರೆ 71 ಕೆಜಿ ಇಂಗಾಲ, ಡೈಆಕ್ಸೈಡಿನ ಲೆಕ್ಕಕ್ಕೆ 3.67ರಿಂದ ಗುಣಿಸಿದರೆ 260 ಕೆಜಿ. ಶುರುವಿನ ಹೊಗೆ, ಟ್ರ್ಯಾಕ್ಟರಿನ ಓಡಾಟ ಕಳೆದರೆ 200ರಿಂದ 250. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕೆಜಿ ಡೈಆಕ್ಸೈಡ್ ಬರುತ್ತದೆ. ಅಂದರೆ ಒಂದು ಗುಂಡಿ ಎಂದರೆ ಟ್ರ್ಯಾಕ್ಟರಿನ 75ರಿಂದ 90 ಲೀಟರ್ ಡೀಸೆಲ್ಲಿನ ಹೊಗೆ ಮಣ್ಣು ಸೇರಿದಂತೆ.

“ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತಂತಲ್ಲ ಸಾಮಿ?” ಒಂದು ಕ್ರೆಡಿಟ್ ಅಂದರೆ ಗಾಳಿ ಸೇರದಂತೆ ಹಿಡಿದಿಟ್ಟ ಒಂದು ಟನ್ ಡೈಆಕ್ಸೈಡ್, ಅಂದರೆ ನಾಲ್ಕೈದು ಗುಂಡಿ. ಕೊಳ್ಳುವವರು ಕೇಳುವುದು ಇದ್ದಿಲಿನ ಒಣ ತೂಕ, ಸೌದೆ ಎಲ್ಲಿಂದ ಬಂತು, ತೇವ ಎಷ್ಟಿತ್ತು, ಸುಟ್ಟ ದಿನದ ಫೋಟೋ, ಪ್ರಯೋಗಾಲಯದಲ್ಲಿ ಜಲಜನಕ ಮತ್ತು ಇಂಗಾಲದ ಅನುಪಾತ, ಕೊನೆಗೆ ಅದು ಮಣ್ಣು ಸೇರಿತೋ ಒಲೆ ಸೇರಿತೋ ಅನ್ನುವ ಸಾಕ್ಷಿ. ಒಬ್ಬ ರೈತ ಒಬ್ಬನೇ ಮಾಡುವ ಕೆಲಸವಲ್ಲ. ಹತ್ತಿಪ್ಪತ್ತು ಮಂದಿ ಸೇರಿದರೆ ನೋಡಬಹುದು. ಆ ದುಡ್ಡನ್ನೇ ನಂಬಿ ಶುರುಮಾಡುವುದು ನಮಗೆ ಸರಿ ಕಾಣುವುದಿಲ್ಲ.

ತೂಕದ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ನೀರು ಹಾಕಿ ಆರಿಸಿದ ಇದ್ದಿಲು ತನ್ನ ತೂಕದಷ್ಟೋ ಹೆಚ್ಚೋ ನೀರು ಕುಡಿದಿರುತ್ತದೆ. ಅದನ್ನೇ ತೂಗಿ 250 ಕೆಜಿ ಬಂತು ಅಂತ ಹಿಗ್ಗಬೇಡಿ. 20 ಲೀಟರಿನ ಬಕೆಟ್ಟಿನಲ್ಲಿ ಅಳೆದು ಎಷ್ಟು ಬಕೆಟ್ಟು ಅಂತ ಬರೆಯಿರಿ. ಒಂದು ಬಕೆಟ್ಟನ್ನು ಬೇರೆಯಾಗಿ ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ ತೂಗಿ, ಮೂರರಿಂದ ನಾಲ್ಕು ಕೆಜಿ ಇರುತ್ತದೆ. ಅದನ್ನು ಬಕೆಟ್ಟಿನ ಲೆಕ್ಕಕ್ಕೆ ಗುಣಿಸಿ.

ಕೊನೆಗೆ ಸಾಮಿಲ್ಲಿನವರೊಬ್ಬರ ಪ್ರಶ್ನೆ: “ನಮ್ಮಲ್ಲಿ ತುಂಡಿಗಿಂತ ಹೊಟ್ಟೇ ಜಾಸ್ತಿ. ಅದನ್ನ ಏನ್ ಮಾಡೋದು?” ಮರದ ಹೊಟ್ಟು ಗುಂಡಿಗೆ ಆಗುವುದಿಲ್ಲ. ಸುರಿದ ಕೂಡಲೇ ಕಂಬಳಿ ಹೊದಿಸಿದಂತೆ ಬೆಂಕಿಯನ್ನು ಮುಚ್ಚಿ ಹೊಗೆ ಎಬ್ಬಿಸುತ್ತದೆ. ಎಣ್ಣೆ ಡಬ್ಬಕ್ಕೆ ತುಂಬಿ, ಮುಚ್ಚಳ ಬಿಗಿದು, ಸಣ್ಣ ತೂತಿಟ್ಟು ಗುಂಡಿಯೊಳಗೆ ಇಟ್ಟರೆ ಸುತ್ತಲಿನ ಎರಡು ಬೆರಳು ದಪ್ಪ ಬೇಯುತ್ತದೆ, ನಡುವಿನದು ಕಂದಾಗಿ ಹಾಗೇ ಇರುತ್ತದೆ, ಏಕೆಂದರೆ ಹೊಟ್ಟಿನೊಳಗೆ ಶಾಖ ಹರಿಯುವುದೇ ನಿಧಾನ. ಮಾಡಲೇಬೇಕೆಂದರೆ ಮೂರು ಇಂಚಿಗಿಂತ ದಪ್ಪವಿಲ್ಲದ ಕೊಳವೆ ಡಬ್ಬ ಬೇಕು. ಅಷ್ಟು ಕಷ್ಟ ಯಾಕೆ? ಮೈಸೂರಿನಲ್ಲಿ ಮರದ ಪುಡಿಗೆ ಅಗರಬತ್ತಿಯವರಿದ್ದಾರೆ, ಬಾಯ್ಲರಿನವರಿದ್ದಾರೆ. ಕೊಳ್ಳುವವರು ಸಿಗದಿದ್ದರೆ ಕೊಟ್ಟಿಗೆಗೆ ಹಾಸಿ. ನೇರ ಹೊಲಕ್ಕೆ ಮಾತ್ರ ಸುರಿಯಬೇಡಿ. ಒಂದು ಪಾಲು ಸಾರಜನಕಕ್ಕೆ ಮುನ್ನೂರಕ್ಕೂ ಹೆಚ್ಚು ಪಾಲು ಇಂಗಾಲ ಇರುವ ವಸ್ತು ಅದು, ಕೊಳೆಯುವಾಗ ಬೆಳೆಯ ಪಾಲಿನ ಸಾರಜನಕವನ್ನೂ ಕಿತ್ತುಕೊಳ್ಳುತ್ತದೆ. ಬಣ್ಣ ಬಳಿಯದ ತುಂಡುಗಳನ್ನು ಬೇರೆ ಮೂಲೆಗೆ ಹಾಕಿಡಿ, ಪ್ಲೈವುಡ್ ಚೂರು ಅದರೊಳಗೆ ಬೀಳದಂತೆ ಕೆಲಸದವರಿಗೆ ಹೇಳಿ. ಹಳ್ಳಿಯವರು ಚೀಲ ತಂದು ಒಯ್ಯಲಿ.